ಕಿಚಡಿಯ ಕನ್ನಡ

ನಮ್ಮ ಕಾವ್ಯಗಳಲ್ಲಿ ಊಟ ಉಂಟು, ಅಡಿಗೆ ಇಲ್ಲ. ಎಲೆ ಹಾಕಿದ ಮೇಲೆ ಬಡಿಸಿದ ಭಕ್ಷ್ಯಗಳ ಹೆಸರನ್ನು ಸಾಲುಸಾಲಾಗಿ ಹೇಳುವುದರಲ್ಲಿ ನಮ್ಮ ಕವಿಗಳು ಜಿಪುಣರಲ್ಲ. ಆದರೆ ಅವು ಎಲೆಗೆ ಬರುವ ಮೊದಲು ಒಲೆಯ ಮೇಲೆ ಏನಾದವು ಎಂದು ಕೇಳಿದರೆ ಕಾವ್ಯ ಸುಮ್ಮನಾಗುತ್ತದೆ. ವಿರಾಟನ ಅರಮನೆಯಲ್ಲಿ ಭೀಮಸೇನ ಒಂದು ವರ್ಷ ಬಾಣಸಿಗನಾಗಿದ್ದ. ಆ ವರ್ಷದಲ್ಲಿ ಅವನು ಕೀಚಕನನ್ನು ಮುದ್ದೆ ಮಾಡಿದ್ದನ್ನು ಹಳ್ಳಿಯ ಹುಡುಗನೂ ಬಲ್ಲ. ಅವನ ಕೈಯ ಸಾರು ಹೇಗಿತ್ತೆಂದು ಪಂಡಿತನೂ ಹೇಳಲಾರ. ಮಹಾಕಾವ್ಯದಲ್ಲಿ ಇರಬೇಕೆಂದು ಆಲಂಕಾರಿಕರು ಗೊತ್ತುಮಾಡಿದ ಹದಿನೆಂಟು ವರ್ಣನೆಗಳನ್ನು ಒಮ್ಮೆ ನೆನೆಸಿಕೊಳ್ಳಿ. ಸಮುದ್ರವುಂಟು, ಪರ್ವತವುಂಟು, ಚಂದ್ರೋದಯವುಂಟು, ಜಲಕ್ರೀಡೆಯುಂಟು, ಮಧುಪಾನವೂ ಉಂಟು. ಕುಡಿಯುವುದಕ್ಕೆ ದೊರೆತ ಮರ್ಯಾದೆ ಉಣ್ಣುವುದಕ್ಕೆ ದೊರೆಯಲಿಲ್ಲ. ಬೇಯಿಸುವುದರ ಮಾತಂತೂ ದೂರವೇ ಉಳಿಯಿತು.

ಇದಕ್ಕೆ ಒಂದು ಒಳ್ಳೆಯ ಅಪವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪುರಂದರದಾಸರ ‘ರಾಮನಾಮ ಪಾಯಸ’ದ ಕೀರ್ತನೆಯನ್ನು ಕೇಳದ ಕನ್ನಡಿಗರು ಕಡಿಮೆ. ಭಜನೆಯ ಗುಂಗಿನಲ್ಲಿ ನಾವು ಗಮನಿಸದೆ ಹೋಗುವ ಸಂಗತಿಯೊಂದು ಅದರಲ್ಲಿದೆ. ಅಲ್ಲಿಯ ಪಾಕದ ಕ್ರಮ ಎಲ್ಲಿಯೂ ತಪ್ಪುವುದಿಲ್ಲ. ಗೋಧಿಯನ್ನು ತಂದು ಬೀಸಿದ ಮೇಲೆಯೇ ಸಜ್ಜಿಗೆ, ಅದರ ಮೇಲೆಯೇ ಶಾವಿಗೆ, ಆಮೇಲೆ ಪಾತ್ರೆ. ಹೃದಯ, ವೈರಾಗ್ಯ, ಬುದ್ಧಿ ಎಂಬ ದೊಡ್ಡ ಮಾತುಗಳು ಒಂದೊಂದು ಅಡಿಗೆಮನೆಯ ಸಾಮಾನಿನ ಮೇಲೆ ಕುಳಿತಿವೆ. ಆ ಸಾಮಾನು ತನ್ನ ಜಾಗದಲ್ಲಿ ಇರುವುದರಿಂದಲೇ ದೊಡ್ಡ ಮಾತು ಬೀಳುವುದಿಲ್ಲ. ಪಾಯಸ ಮಾಡಬಲ್ಲ ಹೆಂಗಸು ಆ ಹಾಡಿನಲ್ಲಿ ತಪ್ಪು ಹುಡುಕಲಾರಳು. ಬೀಸದೆ ಶಾವಿಗೆ ಹೊಸೆಯಿಸಿದ್ದರೆ ಭಕ್ತಿ ಎಷ್ಟಿದ್ದರೂ ರೂಪಕ ಸೀದುಹೋಗುತ್ತಿತ್ತು.

ಕಾವ್ಯ ಬಿಟ್ಟದ್ದನ್ನು ಶಾಸ್ತ್ರ ಹಿಡಿದುಕೊಂಡಿತು. 11ನೆಯ ಶತಮಾನದ ಮೊದಲ ಭಾಗದಲ್ಲಿ ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಗಿಡ ಬೆಳೆಸುವುದು ಮುಂತಾದವುಗಳ ನಡುವೆ ಸೂಪಶಾಸ್ತ್ರಕ್ಕೂ ಎಡೆಗೊಟ್ಟ. ಅವನ ಬಳಿಕ ನೂರು ವರ್ಷಕ್ಕೆ, ಕಲ್ಯಾಣದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಅನ್ನಭೋಗದಲ್ಲಿ ಅನ್ನ ಮಾಡುವ ಬಗೆ, ಬೇಳೆ ಬೇಯಿಸುವ ಬಗೆ, ಅದಕ್ಕೆ ಬೆರೆಸುವ ಅರಿಸಿನ ಮತ್ತು ಇಂಗಿನ ನೀರು, ಎಲ್ಲವೂ ಬಂದಿವೆ. ಆ ಅರಸನ ಸಾಮಂತರಾದ ರಟ್ಟರು ಆಳುತ್ತಿದ್ದ ಕೂಂಡಿ ಮೂರುಸಾವಿರ ನಾಡಿನಲ್ಲಿಯೇ ನಮ್ಮ ಸೀಮೆಯ ಬಹುಭಾಗ ಸೇರಿತ್ತು ಎಂಬುದನ್ನು ನೆನೆದರೆ, ಆ ಬೇಳೆ ನಮ್ಮ ಅಜ್ಜಿಯರ ಬೇಳೆಗೆ ದೂರದ ನೆಂಟನಾದರೂ ಆಗಬೇಕೆಂದು ನನಗೆ ತೋರುತ್ತದೆ. 16ನೆಯ ಶತಮಾನದ ಆರಂಭಕ್ಕೆ ಬಂದರೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ‘ಜಯನೃಪ ಕಾವ್ಯ’, ‘ನೇಮಿಜಿನೇಶ ಸಂಗತಿ’, ‘ಸಮ್ಯಕ್ತ್ವ ಕೌಮುದಿ’ಗಳನ್ನು ಬರೆದ ಜೈನ ಕವಿ ಇವನು. ಅದೇ ಕೈಯಿಂದ ವಾರ್ಧಕ ಷಟ್ಪದಿಯಲ್ಲಿ ಹಿಟ್ಟಿನ ತಿಂಡಿ, ಪಾನಕ, ಅನ್ನ, ಬದನೆ, ಬಾಳೆ, ಹಲಸುಗಳ ಪಾಕವನ್ನೂ ಬರೆದ.

ಮಂಗರಸನನ್ನು ಕುರಿತು ಸಾಹಿತ್ಯ ಚರಿತ್ರೆಗಳು ಸಾಮಾನ್ಯವಾಗಿ ಕಾವ್ಯಗಳಿಗೆ ಪುಟಗಳನ್ನು ಕೊಟ್ಟು ಸೂಪಶಾಸ್ತ್ರಕ್ಕೆ ಒಂದೆರಡು ಸಾಲು ಕೊಡುತ್ತವೆ. ಶಾಸ್ತ್ರವನ್ನು ಪದ್ಯದಲ್ಲಿ ಕಟ್ಟಿದ್ದಾನೆ, ಆದ್ದರಿಂದ ಕಾವ್ಯವಲ್ಲ ಎಂಬುದು ಇದರ ಹಿಂದಿನ ಎಣಿಕೆ. ಈ ಎಣಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಷಟ್ಪದಿಯ ಪ್ರಾಸಕ್ಕಾಗಿ ಅವನು ಅಲ್ಲಲ್ಲಿ ಎಳೆದಾಡುತ್ತಾನೆ, ಅರಮನೆಯ ರುಚಿಗಾಗಿ ತುಪ್ಪವನ್ನೂ ಪರಿಮಳವನ್ನೂ ಧಾರಾಳವಾಗಿ ಸುರಿಯುತ್ತಾನೆ, ಇದೆಲ್ಲ ದಿಟ. ಆದರೆ ನೆನೆಸು, ಅರೆ, ಹುರಿ, ಬೇಯಿಸು, ಬಸಿ ಎಂದು ಕ್ರಿಯಾಪದದಿಂದ ಕ್ರಿಯಾಪದಕ್ಕೆ ನಡೆಯುವಾಗ ಅವನ ಪದ್ಯಕ್ಕೆ ಒಂದು ಓಟ ಬರುತ್ತದೆ. ವನವರ್ಣನೆಯಲ್ಲಿ ಮರಗಳ ಪಟ್ಟಿ ಮಾಡುವ ಎಷ್ಟೋ ಹೆಸರಾಂತ ಕವಿಗಳಿಗೆ ಆ ಓಟ ಇಲ್ಲ. ನಾಮಪದಗಳನ್ನು ಒಟ್ಟುಗೂಡಿಸುವುದು ಸುಲಭ. ಕ್ರಿಯಾಪದಗಳನ್ನು ಅವುಗಳ ಕಾಲಕ್ಕೆ ತಕ್ಕಂತೆ ಒಂದರ ಹಿಂದೆ ಒಂದನ್ನು ನಿಲ್ಲಿಸುವುದೇ ಅಡಿಗೆ, ನನ್ನ ತಿಳಿವಳಿಕೆಯಂತೆ ಗದ್ಯವೂ ಅದೇ.

ಇಷ್ಟನ್ನೆಲ್ಲ ಪೀಠಿಕೆಯಾಗಿ ಹೇಳಬೇಕಾದದ್ದು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಒಂದು ಸಾಮಾನ್ಯ ಪದಾರ್ಥಕ್ಕಾಗಿ. ಅದು ಕಿಚಡಿ. ಅಕ್ಕಿ, ಬೇಳೆ, ಒಗ್ಗರಣೆ, ಖಾರ, ನೀರು, ಇಷ್ಟೇ. ಹಬ್ಬದ ಎಲೆಗೆ ಅದು ಬರುವುದಿಲ್ಲ, ಬೀಗರ ಮುಂದೆ ಇಡುವುದಿಲ್ಲ. ನಮ್ಮ ಕಡೆಯ ಊಟದಲ್ಲಿ ಮೊದಲ ಮರ್ಯಾದೆ ಜೋಳದ ರೊಟ್ಟಿಗೆ, ಪಲ್ಯಕ್ಕೆ. ಅನ್ನದ ಪದಾರ್ಥ ಕೊನೆಗೆ, ಬದಿಗೆ, ಎರಡು ತುತ್ತು. ಹೊಲದಿಂದ ಬರುವುದು ತಡವಾದ ರಾತ್ರಿ, ಮೈ ಬೆಚ್ಚಗಾದ ಮಗುವಿಗೆ, ಪಲ್ಯಕ್ಕೆ ಏನೂ ಇಲ್ಲದ ದಿನ ಮಾತ್ರ ಕಿಚಡಿ ತಟ್ಟೆಯ ನಡುವೆ ಬಂದು ಕೂಡುತ್ತದೆ, ಪಕ್ಕದಲ್ಲಿ ಒಂದು ವಾಟಗಾ ಕಢಿಯನ್ನೋ ಮಜ್ಜಿಗೆ ಸಾರನ್ನೋ ಇಟ್ಟುಕೊಂಡು.

ಇದೇ ಅಕ್ಕಿ, ಇದೇ ಹೆಸರುಬೇಳೆ, ಮೆಣಸು ಜೀರಿಗೆಯೊಡನೆ ಬೆಂದರೆ ಮೈಸೂರಿನ ಕಡೆ ಅದು ಹುಗ್ಗಿ; ಧನುರ್ಮಾಸದಲ್ಲಿ ದೇವರಿಗೆ ನೈವೇದ್ಯವಾಗುವ ಗೌರವ ಅದಕ್ಕಿದೆ. ನಮ್ಮಲ್ಲಿ ಹುಗ್ಗಿ ಎಂದರೆ ಬೇರೆಯೇ. ಕುಟ್ಟಿದ ಗೋಧಿ, ಬೆಲ್ಲ, ಜಾತ್ರೆ, ಮಠದ ಪಂಕ್ತಿ. ಇಲ್ಲಿಯ ಹುಡುಗ ಬೆಂಗಳೂರಿನ ಹಾಸ್ಟೆಲಿನಲ್ಲಿ ‘ಇವತ್ತು ಹುಗ್ಗಿ’ ಎಂದು ಕೇಳಿ ಆಸೆಯಿಂದ ತಟ್ಟೆ ಹಿಡಿದು ನಿಂತರೆ, ಬಾಯಿಗೆ ಬರುವುದು ಮೆಣಸಿನ ಕಾಳು. ಒಂದೇ ಭಾಷೆಯ ಒಂದೇ ಶಬ್ದ ಹೀಗೆ ಎರಡು ಮನೆಗಳಲ್ಲಿ ಎರಡು ರುಚಿ ಕೊಡುವುದು ದೋಷವಲ್ಲ, ಸಂಪತ್ತು. ದೋಷ ಬರುವುದು ಒಂದು ಮನೆಯ ರುಚಿಯನ್ನು ಶಿಷ್ಟವೆಂದೂ ಇನ್ನೊಂದರದನ್ನು ಪ್ರಾಂತೀಯವೆಂದೂ ಕರೆದಾಗ.

ಕಿಚಡಿ ಎಂಬ ಹೆಸರಾದರೂ ಅಲ್ಪವಾದುದಲ್ಲ. 14ನೆಯ ಶತಮಾನದಲ್ಲಿ ಮೊರಾಕೋ ದೇಶದಿಂದ ಬಂದ ಇಬ್ನ್ ಬತೂತ, ಹೆಸರನ್ನು ಅಕ್ಕಿಯೊಡನೆ ಬೇಯಿಸಿ ತುಪ್ಪ ಹಾಕಿ ಬೆಳಿಗ್ಗೆ ತಿನ್ನುವ ಇದನ್ನು ಹೆಸರು ಹಿಡಿದು ಬರೆದಿದ್ದಾನೆ. 15ನೆಯ ಶತಮಾನದಲ್ಲಿ ಬೀದರಿನವರೆಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಕುದುರೆಗಳಿಗೆ ಕಿಚಡಿ ಹಾಕುವುದನ್ನು ಕಂಡ, ಅದೂ ಸಕ್ಕರೆ ಎಣ್ಣೆ ಬೆರೆಸಿ! ನಮ್ಮ ಕಿಚಡಿಗೆ ಇಲ್ಲದ ವೈಭವ ಬಹಮನಿಯ ಕುದುರೆಗಿತ್ತು. ಅಕ್ಬರನ ಕಾಲದ ‘ಐನೆ ಅಕ್ಬರಿ’ಯಲ್ಲಿ ಅಬುಲ್ ಫಜಲ್ ಲೆಕ್ಕ ಕೊಟ್ಟಿದ್ದಾನೆ: ಅಕ್ಕಿ, ಬೇಳೆ, ತುಪ್ಪ ಒಂದೊಂದೂ 5 ಸೇರು, ಉಪ್ಪು ಸೇರಿನ ಮೂರನೆಯ ಒಂದು ಪಾಲು. ಅಕ್ಕಿಯಷ್ಟೇ ತುಪ್ಪ! ಇದು ಉಗ್ರಾಣದವನು ಬರೆಸಿದ ಪಾಕ, ಒಲೆಯ ಮುಂದೆ ಕುಳಿತವನು ಹೇಳಿದ್ದಲ್ಲ. ತೂಕವೆಲ್ಲ ಇದೆ, ಒಂದು ಕ್ರಿಯಾಪದವಿಲ್ಲ.

ಈ ಕ್ರಿಯಾಪದಗಳ ಗತಿ ಏನಾಗಿದೆ ಎಂದು ತಿಳಿಯುವುದಕ್ಕೆ ಎರಡು ವರ್ಷದ ಕೆಳಗೆ ನನ್ನ ಪದವಿ ತರಗತಿಯವರಿಗೆ ಒಂದು ಕೆಲಸ ಕೊಟ್ಟೆ. ‘ನಿಮ್ಮ ಮನೆಯಲ್ಲಿ ಕಿಚಡಿ ಮಾಡುವ ಬಗೆಯನ್ನು ಒಂದು ಪುಟ ಬರೆದು ತನ್ನಿ’ ಎಂದೆ. ಹುಡುಗರು ನಕ್ಕರು, ಹುಡುಗಿಯರು ಇನ್ನೂ ಹೆಚ್ಚು ನಕ್ಕರು. ಕನ್ನಡ ಪ್ರಾಧ್ಯಾಪಕ ಪಂಪನನ್ನು ಬಿಟ್ಟು ಪಾತ್ರೆಗೆ ಇಳಿದನೆಂದು. ಬಂದ ಪುಟಗಳಲ್ಲಿ ಮುಕ್ಕಾಲು ಪಾಲು ಒಂದೇ ಅಚ್ಚಿನವು. “ಮೊದಲಿಗೆ ಒಂದು ಪಾತ್ರೆಯನ್ನು ತೆಗೆದುಕೊಳ್ಳಬೇಕು. ನಂತರ ಅದರಲ್ಲಿ ಎಣ್ಣೆಯನ್ನು ಹಾಕಿಕೊಳ್ಳಬೇಕು. ಎಣ್ಣೆ ಬಿಸಿಯಾದ ನಂತರ ಅದಕ್ಕೆ ಸಾಸಿವೆಯನ್ನು ಹಾಕಿಕೊಳ್ಳಬೇಕು. ನಂತರ ಕತ್ತರಿಸಿದ ಈರುಳ್ಳಿಯನ್ನು ಆಡ್ ಮಾಡಿಕೊಳ್ಳಬೇಕು.” ಈರುಳ್ಳಿ! ಉಳ್ಳಾಗಡ್ಡಿ ಬೆಳೆಯುವ ಮನೆಯ ಹುಡುಗ ಬರೆದದ್ದು. ಇದು ಅವನ ತಾಯಿಯ ಮಾತಲ್ಲ, ಅವನ ಮಾತೂ ಅಲ್ಲ. ದೂರದರ್ಶನದ ಅಡಿಗೆಯವರ ಮಾತು, ಈಗ ಅಂಗೈಯ ಮೊಬೈಲಿನಲ್ಲಿ ಹಗಲಿರುಳು ಹರಿಯುವ ಮಾತು. ಎಲ್ಲ ಕೆಲಸಕ್ಕೂ ‘ಹಾಕಿಕೊಳ್ಳಬೇಕು’, ಎಲ್ಲ ಹೊತ್ತಿಗೂ ‘ನಂತರ’. ಇದರಿಂದ ಕಿಚಡಿಯಾಗುವುದಿಲ್ಲವೆಂದು ನಾನು ಹೇಳುವುದಿಲ್ಲ, ಆಗುತ್ತದೆ. ಆದರೆ ಯಾರು ಯಾರಿಗೆ ಹೇಳುತ್ತಿದ್ದಾರೆಂಬುದು ಇದರಲ್ಲಿ ಗೊತ್ತಾಗುವುದಿಲ್ಲ.

ಕಾಗವಾಡದ ಕಡೆಯ ಒಬ್ಬ ಹುಡುಗಿ ಮಾತ್ರ ತನಗೆ ಬರೆಯಲು ಬಾರದೆಂದು ತಾಯಿ ಹೇಳಿದ್ದನ್ನೇ ಬರೆದುಕೊಂಡು ಬಂದಿದ್ದಳು, ನಾಚಿಕೊಂಡು ಕೊನೆಗೆ ಕೊಟ್ಟಳು. ಅವಳ ಅನುಮತಿಯಿಂದ ಅದನ್ನು ಇಲ್ಲಿ ಕೊಡುತ್ತೇನೆ:

“ಅಕ್ಕಿ ಎರಡ ವಾಟಗಾ ತಗೊಂಡ್ರ ಹೆಸರಬ್ಯಾಳಿ ಒಂದ ವಾಟಗಾ. ಕಲ್ಲ ಆರಿಸಿ ಎರಡೂ ಕೂಡೇ ತೊಳಿ, ನೀರ ತಿಳಿ ಆಗೂತನಾ. ಅದನ್ನ ನೆನಿ ಇಟ್ಟ ನೀ ಉಳ್ಳಾಗಡ್ಡಿ ಹೆಚ್ಚಗೋ. ಎಣ್ಣಿ ಕಾದಿಂದ ಸಾಸಿವಿ ಹಾಕು, ಚಟಪಟ ಅಂದ ಸುಮ್ಮನಾಗೂತನಾ ತಡಿ, ಆಮ್ಯಾಲ ಜೀರಗಿ. ಉಳ್ಳಾಗಡ್ಡಿ ಕೆಂಪಗಾತಂದ್ರ ಮಸಾಲಿ ಖಾರಾ ಹಾಕಿ ಲಗೂನ ಅಕ್ಕಿ ಸುರುವು, ಇಲ್ಲಂದ್ರ ಖಾರಾ ಕರಕಾಗಿ ಮನಿಮಂದೆಲ್ಲಾ ಕೆಮ್ಮತಾರ. ಅಕ್ಕಿ ಬೆಚ್ಚಗಾದ್ರ ಸಾಕು. ಎಸರ ಬ್ಯಾರೆ ಒಲಿ ಮ್ಯಾಲ ಮರಳತಿರಬೇಕು, ತಣ್ಣೀರ ಹಾಕಬ್ಯಾಡ. ನೀರ ಇಂಗಾಕ ಬಂದಿಂದ ಉರಿ ಸಣ್ಣ ಮಾಡಿ ಮುಚ್ಚಿಬಿಡು, ಸುಳ್ಳ ತಗದ ತಗದ ನೋಡಬ್ಯಾಡ. ಬ್ಯಾಳಿ ಬೆರಳಾಗ ಹಿಚಕಿದ್ರ ಹಿಟ್ಟ ಆಗಬೇಕು. ತುಪ್ಪಾ ಉಣ್ಣೂ ಮುಂದ.”

ವಾಚಕರು ಇದನ್ನು ಮೇಲಿನ ಅಚ್ಚಿನ ಗದ್ಯದೊಡನೆ ಇಟ್ಟು ನೋಡಬೇಕು. ಕನಿಕರದಿಂದ ನೋಡುವುದು ಬೇಡ, ವಿಮರ್ಶೆಯ ಕಣ್ಣಿನಿಂದಲೇ ನೋಡಲಿ. ‘ತೊಳಿ’, ‘ತಡಿ’, ‘ಸುರುವು’ ಎಂಬ ಏಕವಚನದ ಆಜ್ಞೆಗಳಲ್ಲಿ ಒಬ್ಬ ತಾಯಿ ಒಬ್ಬ ಮಗಳ ಮುಂದೆ ನಿಂತಿದ್ದಾಳೆ. ‘ತೊಳೆಯಬೇಕು’ ಎಂಬಲ್ಲಿ ಯಾರೂ ಇಲ್ಲ. ‘ನಂತರ’ ಎಂಬ ಒಂದು ಮುರುಕು ಕೀಲಿಯಿಂದ ಎಲ್ಲ ಬಾಗಿಲನ್ನೂ ತೆರೆಯುವ ಬದಲು ಆಕೆ ಪ್ರತಿ ಘಟ್ಟಕ್ಕೂ ಬೇರೆ ಗುರುತು ಕೊಡುತ್ತಾಳೆ. ನೀರಿಗೆ ಕಣ್ಣು, ಸಾಸಿವೆಗೆ ಕಿವಿ, ಬೇಳೆಗೆ ಬೆರಳು. ಸಾಸಿವೆ ಸಿಡಿಯುವುದನ್ನು ಎಲ್ಲರೂ ಬರೆಯುತ್ತಾರೆ. ಅದು ಸಿಡಿದು ಸುಮ್ಮನಾಗುವುದನ್ನು ಬರೆದವರನ್ನು ನಾನು ಕಂಡಿಲ್ಲ. ಆ ಮೌನದ ಗಳಿಗೆಯೇ ಜೀರಿಗೆಯ ಗಳಿಗೆ. ಗಡಿಯಾರವಿಲ್ಲದೆ ಹೊತ್ತನ್ನು ಅಳೆಯುವ ಈ ಬಗೆಗೆ ಸಾಹಿತ್ಯದಲ್ಲಿ ಬೇರೆ ಹೆಸರಿದ್ದೀತು. ನಾನು ಅದನ್ನು ಔಚಿತ್ಯವೆಂದು ಕರೆಯುತ್ತೇನೆ.

‘ಇಲ್ಲಂದ್ರ’ ಎಂಬ ಒಂದು ಶಬ್ದದ ಕೆಲಸವನ್ನೂ ನೋಡಿ. ವಿಧಿಗೆ ಕಾರಣ ಅಲ್ಲಿ ಹುಟ್ಟುತ್ತದೆ, ಕಾರಣದ ಜೊತೆಗೆ ಮನೆಯೂ ಹುಟ್ಟುತ್ತದೆ. ಕೆಮ್ಮುವ ಮನೆಮಂದಿ ಬಂದೊಡನೆಯೇ ಆ ಮನೆ ಎಷ್ಟು ದೊಡ್ಡದು, ಒಲೆಗೂ ಪಡಸಾಲೆಗೂ ಎಷ್ಟು ದೂರ, ಎಲ್ಲವೂ ನಮಗೆ ತಿಳಿಯುತ್ತದೆ. ಕಾದಂಬರಿಕಾರ ಇದಕ್ಕೆ ಅರ್ಧ ಪುಟ ತೆಗೆದುಕೊಳ್ಳುತ್ತಿದ್ದ. ಇನ್ನು ‘ಎಸರು’. ಅನ್ನಕ್ಕಿಡುವ ಕುದಿನೀರಿಗೆ ಹಳಗನ್ನಡದಿಂದ ನಡೆದುಬಂದ ಶಬ್ದ ಅದು. ಎಸರು ‘ಮರಳು’ವುದೂ ಅಷ್ಟೇ ಹಳೆಯದು. ನನ್ನ ತರಗತಿಯಲ್ಲಿ ಹಳಗನ್ನಡದ ಪಾಠದ ದಿನ ಈ ಶಬ್ದ ಬಂದಾಗ ಅರ್ಥ ಬರೆದುಕೊಂಡವರೇ ಎಲ್ಲರೂ. ಮನೆಯಲ್ಲಿ ಅದೇ ಶಬ್ದ ಒಲೆಯ ಮೇಲೆ ಮರಳುತ್ತಿರುವುದು ಯಾರ ನೆನಪಿಗೂ ಬರಲಿಲ್ಲ. ಪುಸ್ತಕದಲ್ಲಿದ್ದರೆ ಅದು ಕಠಿಣ ಶಬ್ದ, ಅವ್ವನ ಬಾಯಲ್ಲಿದ್ದರೆ ಹಳ್ಳಿಯ ಶಬ್ದ.

ಈ ಬರಹದಲ್ಲಿ ಕೊರತೆಯೂ ಇದೆ. ಉಪ್ಪು ಎಲ್ಲಿ? ಅರಿಸಿನ ಎಲ್ಲಿ? ನೀರು ಎಷ್ಟು? ನಾನು ಕೇಳಿದಾಗ ಆ ಹುಡುಗಿ, “ಉಪ್ಪ ಹಾಕ್ತಾರಂತನೂ ಹೇಳಬೇಕೇನ್ರಿ ಸರ?” ಎಂದಳು. ಹೇಳಬೇಕು. ಮನೆಯ ಒಳಗಿರುವವರಿಗೆ ಹೇಳಿದ ಮಾತು ಹೊರಗಿನವನ ಹೊಟ್ಟೆ ತುಂಬಿಸಲಾರದು. ಶಾಸ್ತ್ರಕಾರನ ಉಪಯೋಗ ಇಲ್ಲಿಯೇ. ಅವನು ಪರಊರಿನವನನ್ನೂ ನೂರು ವರ್ಷದ ಆಚೆಯವನನ್ನೂ ನೆನೆದು ಬರೆಯುತ್ತಾನೆ. ಅಕ್ಕಿ ಬೇಳೆ ಕೂಡಿ ಒಂದು ಅಳತೆಯಾದರೆ ನೀರು ಎರಡೂವರೆಯಿಂದ ಮೂರು, ಮಗುವಿಗಾದರೆ ನಾಲ್ಕು. ಉಪ್ಪು ಅರಿಸಿನ ಎಸರಿನೊಡನೆ. ಹುಳಿ ಹಾಕುವ ಮನೆಯಾದರೆ ಬೇಳೆ ಪೂರ್ತಿ ಬೆಂದ ಮೇಲೆಯೇ, ಯಾಕೆಂದರೆ ಹುಳಿ ಬಿದ್ದ ಬೇಳೆ ಮೆತ್ತಗಾಗಲು ಒಪ್ಪುವುದಿಲ್ಲ. ಇಷ್ಟನ್ನು ಸೇರಿಸಿದರೆ ಆ ತಾಯಿಯ ಪಾಠ ಯಾವ ಸೂಪಶಾಸ್ತ್ರಕ್ಕೂ ತಲೆ ಬಾಗಬೇಕಾಗಿಲ್ಲ.

ಬೇಳೆ ಬೇಯುವ ಮಾತು ಬಂದದ್ದರಿಂದ ಇನ್ನೊಂದು ಪುಟದ ವಿಷಯ ಹೇಳಬೇಕು. ರಾಯಬಾಗ ತಾಲೂಕಿನ ಒಬ್ಬ ಹುಡುಗ ಅಚ್ಚಿನ ಗದ್ಯವನ್ನೇ ಬರೆದಿದ್ದ, ಆದರೆ ಕೊನೆಯ ಸಾಲಿನಲ್ಲಿ ಮನೆಯ ಮಾತು ಹೇಗೋ ನುಸುಳಿಬಿಟ್ಟಿತ್ತು: “ಬೋರಿನ ನೀರಾಗ ಬ್ಯಾಳಿ ಬೇಯೂದಿಲ್ಲ, ಹೊಳಿ ನೀರ ತರಬೇಕು.” ಕೃಷ್ಣೆಯ ದಂಡೆಯ ನಮ್ಮ ಹೊಲಗಳಲ್ಲಿ ಕಬ್ಬಿಗೆ ನೀರು ಹರಿಸಿ ಹರಿಸಿ ಎಷ್ಟೋ ಎಕರೆ ಸವಳು ಜವಳಾಗಿರುವುದು ಎಲ್ಲರಿಗೂ ತಿಳಿದದ್ದು. ಗಡಸು ನೀರಿನಲ್ಲಿ ಬೇಳೆ ಬೇಯದಿರುವುದಕ್ಕೆ ರಸಾಯನಶಾಸ್ತ್ರದಲ್ಲಿ ಸರಿಯಾದ ಕಾರಣವಿದೆ. ನೀರಿನ ಸುಣ್ಣದ ಅಂಶ ಕಾಳಿನ ಕಣಗಳನ್ನು ಬಿಗಿಯಾಗಿ ಹಿಡಿದು ಬಿಚ್ಚಗೊಡುವುದಿಲ್ಲ. ‘ನಿನ್ನ ಬೇಳೆ ಇಲ್ಲಿ ಬೇಯುವುದಿಲ್ಲ’ ಎಂಬ ನುಡಿಗಟ್ಟನ್ನು ನಾವು ರಾಜಕಾರಣಿಗಳ ಬಗ್ಗೆ ಬರೆಯುವಾಗ ದಿನಾಲು ಉಪಯೋಗಿಸುತ್ತೇವೆ. ‘ಇಲ್ಲಿ’ ಎಂಬ ಶಬ್ದದ ಮೇಲೆ ಅದರ ಭಾರವೆಲ್ಲ ಇದೆ. ಬೇಳೆ ಅದೇ, ಬೆಂಕಿ ಅದೇ. ಊರಿನ ನೀರು ಬೇರೆ. ಹೊಸ ಊರಿಗೆ ಸೊಸೆಯಾಗಿ ಬಂದು, ತವರಿನ ಹಾಗೆಯೇ ಎಲ್ಲ ಮಾಡಿಯೂ ಬೇಯದ ಬೇಳೆಯ ಮುಂದೆ ಕುಳಿತವಳೊಬ್ಬಳು ಈ ನುಡಿಗಟ್ಟಿಗೆ ಮೊದಲ ಕವಿಯಾಗಿರಬಹುದೆಂದು ಊಹಿಸಲು ನನಗೆ ಸಂತೋಷವಾಗುತ್ತದೆ. ಊಹೆಯಷ್ಟೇ.

ಈ ಐದು ತಾಲೂಕುಗಳಲ್ಲಿ ಕಿಚಡಿ ಒಂದೇ ತೆರನಾಗಿಲ್ಲ. ಶೇಡಬಾಳ, ಉಗಾರ, ಭೋಜ, ಸದಲಗಾ ಮೊದಲಾದ ಊರುಗಳ ಕಟ್ಟುನಿಟ್ಟಿನ ಜೈನ ಮನೆಗಳಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಬರುವುದಿಲ್ಲ. ಇಂಗು, ಜೀರಿಗೆ, ಮೆಣಸು, ಒಣಕೊಬ್ಬರಿಗಳೇ ಅಲ್ಲಿ ಮಸಾಲೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಾದ್ದರಿಂದ ಬೇಗನೆ ಆಗುವ ಕಿಚಡಿಗೆ ಅಲ್ಲಿ ಬೇಡಿಕೆಯೂ ಹೆಚ್ಚು. ಬೇಳೆಯ ಜೊತೆ ಹಸಿ ಮೊಸರು ಕೂಡಿದರೆ ದ್ವಿದಳದ ದೋಷವೆನ್ನುತ್ತಾರೆ. ಹಾಗಾಗಿ ತಟ್ಟೆಯ ಪಕ್ಕದ ವಾಟಗಾದಲ್ಲಿ ಏನಿರಬೇಕೆಂಬುದಕ್ಕೂ ಧರ್ಮದ ವ್ಯಾಕರಣವಿದೆ. ಉಳಿದ ಮನೆಗಳಲ್ಲಿ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಸಿಟ್ಟ ಮಸಾಲಿ ಖಾರ. ಹತ್ತಿರದ ಸಂಕೇಶ್ವರದ ಮೆಣಸಿನಕಾಯಿ ಅದಕ್ಕೆ ಉರಿ ಕೊಡುತ್ತದೆ, ಬ್ಯಾಡಗಿಯದು ಬಣ್ಣ ಕೊಡುತ್ತದೆ. ಹೆಸರುಬೇಳೆಯ ಬದಲು ತೊಗರಿ ಹಾಕುವವರುಂಟು, ಚನ್ನಂಗಿ ಹಾಕುವವರುಂಟು, ಮಡಕಿ ಕಾಳನ್ನು ಮೊಳಕೆ ಬರಿಸಿ ಹಾಕುವವರೂ ಉಂಟು.

ನಿಪ್ಪಾಣಿಯ ಪುಟಗಳನ್ನು ಓದುವಾಗ ನನಗೆ ಬಹಳ ಹಿಡಿಸಿದ್ದು ಅಲ್ಲಿಯ ಒಗ್ಗರಣೆ. ಒಂದೇ ವಾಕ್ಯದಲ್ಲಿ ‘ಒಗ್ಗರಣಿ’ಯೂ ‘ಫೋಡಣಿ’ಯೂ ಬಂದಿತ್ತು. ತಂಬಾಕಿನ ಪೇಟೆಯ ಊರದು, ಕೊಲ್ಲಾಪುರ ಕೂಗಳತೆಯಲ್ಲಿದೆ. ಅಜ್ಜಿ ಮರಾಠಿ, ಅವ್ವ ಕನ್ನಡ, ಸೊಸೆ ಎರಡೂ. 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ವರದಿ ಎಂದು ಮೇಲೆ ಗುದ್ದಾಟ ನಡೆದಷ್ಟು ಕಾಲವೂ ಕೆಳಗೆ ಅದೇ ಬಾಣಲೆಯಲ್ಲಿ ಎರಡು ಭಾಷೆಗಳು ಸಿಡಿಯುತ್ತಿದ್ದವು. ‘ನಿಮ್ಮ ಕನ್ನಡ ಮರಾಠಿ ಬೆರಕೆ’ ಎಂದು ಬೆಂಗಳೂರು ಮೈಸೂರುಗಳ ಮಿತ್ರರು ಸೌಜನ್ಯದಿಂದಲೇ ಹೇಳುವುದುಂಟು. ಅವರಿಗೆ ನನ್ನದೊಂದು ಸೌಜನ್ಯದ ವಿನಂತಿ. ತಮ್ಮ ಊರಿನ ಹೆಮ್ಮೆಯ ‘ವಾಂಗಿಭಾತ್’ ಎಂಬ ಹೆಸರನ್ನು ಒಡೆದು ನೋಡಲಿ. ವಾಂಗಿಯೂ ಮರಾಠಿ, ಭಾತೂ ಮರಾಠಿ. ಬಿಸಿಬೇಳೆ ಹುಳಿಯನ್ನವೆಂಬ ಅಚ್ಚಗನ್ನಡದ ಹೆಸರನ್ನು ಬಿಸಿಬೇಳೆ ಭಾತ್ ಮಾಡಿದವರು ಗಡಿಯವರಲ್ಲ. ಗಡಿಯ ನಾವು ಅನ್ನವನ್ನು ಅನ್ನವೆಂದೇ ಕರೆಯುತ್ತೇವೆ.

ಸಾಹಿತ್ಯದಲ್ಲಿ ಈ ಮಾತಿಗೆ ಬಾಗಿಲು ತೆರೆದವರು ಇಲ್ಲವೇ ಎಂದರೆ, ಇದ್ದಾರೆ. 1918ರಲ್ಲಿ ಶೇಡಬಾಳದಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು 1940ರ ದಶಕದಲ್ಲಿ ‘ನಿಸರ್ಗ’ವನ್ನು ಬರೆದಾಗ ಈ ಸೀಮೆಯ ಹಳ್ಳಿಯ ಜೈನ ಕುಟುಂಬದ ಬದುಕೂ ಇಲ್ಲಿಯ ಆಡುಮಾತೂ ಒಟ್ಟಿಗೇ ಕನ್ನಡ ಕಾದಂಬರಿಯೊಳಗೆ ಬಂದವು. ಆ ಕಾದಂಬರಿಯನ್ನು ಪ್ರಾದೇಶಿಕವೆಂದು ಹೊಗಳಿದ್ದಾರೆ. ಹೊಗಳಿಕೆಯೇ, ಸಂದೇಹವಿಲ್ಲ. ಆದರೆ ಮೈಸೂರಿನ ಅಗ್ರಹಾರದ ಮಾತಿನಲ್ಲಿ ಬರೆದ ಕಾದಂಬರಿಯನ್ನು ಯಾರೂ ಪ್ರಾದೇಶಿಕವೆನ್ನಲಿಲ್ಲ. ಅದು ಬರಿಯ ಕಾದಂಬರಿ. ಅಣ್ಣಾರಾಯರ ಬಳಿಕ ಆಡುಮಾತು ಸಂಭಾಷಣೆಯ ಆವರಣ ಚಿಹ್ನೆಗಳ ಒಳಗೆ ಚೆನ್ನಾಗಿಯೇ ನೆಲೆಸಿತು. ಆ ಚಿಹ್ನೆಗಳ ಹೊರಗೆ, ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುವ ಗದ್ಯಕ್ಕೆ ಅದನ್ನು ತಂದವರು ವಿರಳ. ಪಾತ್ರಗಳು ನಮ್ಮ ಮಾತನ್ನಾಡುತ್ತವೆ. ಲೇಖಕ ಬೇರೆ ಮಾತನ್ನಾಡುತ್ತಾನೆ. ಈ ಲೇಖನದಲ್ಲಿ ನಾನೂ ಅದನ್ನೇ ಮಾಡುತ್ತಿರುವುದು ವಾಚಕರ ಗಮನಕ್ಕೆ ಬಂದಿರಲೇಬೇಕು.

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಪಾಠ ಹೇಳುವಾಗ ಪ್ರತಿ ವರ್ಷ ನನಗೊಂದು ಸಣ್ಣ ಅತೃಪ್ತಿ ಉಳಿಯುತ್ತದೆ. ನರೆದಲಗನೂ ವ್ರೀಹಿಯೂ ಕುಲವೆತ್ತಿ ಬೈದಾಡುತ್ತವೆ, ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಬಡವನ ಧಾನ್ಯದ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ಕನ್ನಡದಲ್ಲಿಲ್ಲ. ಆದರೂ ಅಲ್ಲಿ ಗೆಲವು ಉಗ್ರಾಣದ್ದು, ತಾಳಿಕೆಯದು. ಎರಡು ಕಾಳುಗಳು ಜಗಳವಾಡಿದ್ದಕ್ಕೆ ಕಾವ್ಯವಿದೆ. ಬೇಗ ಬೇಯುವ ಅಕ್ಕಿಯೂ ತಡವಾಗಿ ಬೇಯುವ ಬೇಳೆಯೂ ಒಂದೇ ಗಡಿಗೆಯಲ್ಲಿ ಒಂದೇ ಹೊತ್ತಿಗೆ ಮೆತ್ತಗಾಗುವಂತೆ ಮಾಡುವ ಉಪಾಯಕ್ಕೆ ಇಲ್ಲ. ನೆನೆ ಇಡುವುದು, ಬೆಚ್ಚಗೆ ಹುರಿಯುವುದು, ಮರಳುವ ಎಸರು, ಸಣ್ಣ ಉರಿ, ಎಲ್ಲವೂ ಆ ಒಂದು ಉಪಾಯದ ಭಾಗಗಳು.

ಈಗ ಆ ಉಪಾಯವನ್ನು ಕುಕ್ಕರ್ ವಹಿಸಿಕೊಂಡಿದೆ. ನಾನು ಕುಕ್ಕರಿನ ವೈರಿಯಲ್ಲ. ಹೊಗೆಯ ಮುಂದೆ ಕಣ್ಣು ಉಜ್ಜಿಕೊಳ್ಳುವ ಕಷ್ಟವನ್ನು ಅದು ತಪ್ಪಿಸಿದೆ, ಸವಳು ನೀರಿನಲ್ಲಿಯೂ ಬೇಳೆಯನ್ನು ಒಪ್ಪಿಸಿದೆ. ಆದರೆ ಎಸರು, ಮರಳು, ಇಂಗು, ಅರಳು ಎಂಬ ನಾಲ್ಕು ಕ್ರಿಯೆಗಳ ಜಾಗದಲ್ಲಿ ‘ಮೂರು ಸೀಟಿ’ ಎಂಬ ಎರಡು ಶಬ್ದಗಳು ಬಂದು ಕುಳಿತಿರುವುದನ್ನು ಕನ್ನಡ ಕಲಿಸುವವನು ಗುರುತಿಸಬೇಕಾಗುತ್ತದೆ. ಕೆಲಸ ತಪ್ಪಿದೊಡನೆ ಅದರ ಶಬ್ದ ತಪ್ಪುತ್ತದೆ, ಅದನ್ನು ಯಾರೂ ತಡೆಯಲಾರರು. ಬರೆದಿಡಬಹುದು, ಅಷ್ಟೇ. ನಮ್ಮ ನಿಘಂಟುಕಾರರು ಹಳೆಯ ಕಾವ್ಯಗಳಿಂದ ಶಬ್ದ ಆರಿಸಿದಷ್ಟೇ ಶ್ರದ್ಧೆಯಿಂದ ಐವತ್ತು ದಾಟಿದ ಹೆಂಗಸರ ಬಾಯಿಂದ ಆರಿಸಬೇಕಾದ ಕಾಲ ಇದು. ಐವತ್ತರ ಒಳಗಿನವರಲ್ಲಿ ಬಹಳಷ್ಟು ಜನ ಈಗಾಗಲೇ ಸೀಟಿ ಎಣಿಸುತ್ತಿದ್ದಾರೆ.

ಆ ಪುಟಗಳನ್ನು ವಿಭಾಗದ ಕಪಾಟಿನಲ್ಲಿ ಕಟ್ಟಿಟ್ಟಿದ್ದೇನೆ. ಪರೀಕ್ಷೆಗೆ ಇದರಿಂದ ಅಂಕವಿಲ್ಲವೆಂದು ಒಬ್ಬಿಬ್ಬರು ಸಹೋದ್ಯೋಗಿಗಳು ಎಚ್ಚರಿಸಿದರು, ಅದೂ ನಿಜವೇ. ಈ ವರ್ಷ ಮಡಕಿ ಕಾಳಿನ ಉಸುಳಿಯನ್ನು ಕೊಡಬೇಕೆಂದಿದ್ದೇನೆ, ಆದರೆ ಒಂದು ಕಟ್ಟಳೆಯೊಡನೆ: ಬರೆಯುವವರು ತಾವಾಗಿ ಬರೆಯಕೂಡದು, ಅವ್ವನನ್ನೋ ಆಯಿಯನ್ನೋ ಒಲೆಯ ಹತ್ತಿರ ಕೂಡಿಸಿ, ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದು ತರಬೇಕು. ಉಪ್ಪನ್ನು ಮರೆಯದೆ ಕೇಳಬೇಕು.